ಹೇಳಿ ಇಡಿಸಿಕೊಂಡ ಹಲ್ಲು

ನಮ್ಮ ಮನೆಯಲ್ಲಿರುವುದು ನಾಲ್ಕೇ ಜನ: ನಾನು, ನನ್ನ ಗಂಡ, ಅತ್ತೆ, ಮಗಳು. ಮಗಳ ಫೋನಿನಲ್ಲಿ ಇನ್ನೂ ನಾಲ್ಕು ಜನ ಇದ್ದಾರೆ. ಅವರು ನಮ್ಮದೇ ಬಟ್ಟೆ ಹಾಕಿಕೊಂಡಿರುತ್ತಾರೆ, ನಮ್ಮ ಮೇಜಿನ ಸುತ್ತಲೇ ಕೂತಿರುತ್ತಾರೆ. ಆದರೆ ನಮಗಿಂತ ಬೆಳ್ಳಗಿದ್ದಾರೆ, ಅವರ ಕಣ್ಣ ಕೆಳಗೆ ಕಪ್ಪಿಲ್ಲ, ಅವರಲ್ಲಿ ಯಾರೂ ಯಾರ ಮೇಲೂ ರೇಗುವುದಿಲ್ಲ. ಆ ಮನೆಯ ಪಾತ್ರೆ ಯಾರು ತೊಳೆಯುತ್ತಾರೋ ಗೊತ್ತಿಲ್ಲ. ಈ ಮನೆಯದನ್ನು ನಾನೇ ತೊಳೆಯಬೇಕು.

ನಾನು ಬೇಕರಿಯೊಂದರ ಕೌಂಟರಿನಲ್ಲಿ ನಿಲ್ಲುತ್ತೇನೆ. ಬೆಳಕು ಹರಿಯುವ ಮೊದಲು ಹೋಗಿ, ಮಧ್ಯಾಹ್ನ ಊದಿದ ಕಾಲು ಎಳೆದುಕೊಂಡು ಬರುತ್ತೇನೆ. ಒಂದು ದಿನ ಖಾಯಂ ಗಿರಾಕಿಯೊಬ್ಬರು ಚಿಲ್ಲರೆ ತೆಗೆದುಕೊಳ್ಳುತ್ತಾ, "ನಿಮ್ಮ ತಂಗೀನೂ ಇಲ್ಲೇ ಕೆಲಸ ಮಾಡ್ತಾರಾ? ನಿನ್ನೆ ಫೋನಿನಲ್ಲಿ ನೋಡಿದೆ, ಇದೇ ಟೋಪಿ ಹಾಕ್ಕೊಂಡಿದ್ರು" ಎಂದರು.

"ನನಗೆ ತಂಗಿ ಇಲ್ಲ ಸರ್. ಅದು ನಾನೇ."

ಅವರು ನನ್ನ ಮುಖ ನೋಡಿದರು. ಆಮೇಲೆ ಕೈಯಲ್ಲಿದ್ದ ಬ್ರೆಡ್ಡನ್ನು ತಿರುಗಿಸಿ ನೋಡಿ, "ಇದು ಇವತ್ತಿನದೇ ತಾನೇ?" ಎಂದು ಕೇಳಿದರು.

ಮನೆಗೆ ಬಂದವಳೇ, ಚಪ್ಪಲಿ ಬಿಡುವ ಮೊದಲೇ ಮಗಳನ್ನು ಹಿಡಿದುಕೊಂಡೆ. "ನನ್ನ ಮುಖಕ್ಕೆ ಏನೇ ಮಾಡಿದ್ದೀಯ?"

"ನಾನೇನೂ ಮಾಡಿಲ್ಲಮ್ಮ. ಫೋನೇ ಮಾಡತ್ತೆ, ತಾನಾಗೇ."

"ತಾನಾಗೇ ಒಲೆ ಒರೆಸೋದೇನಾದ್ರೂ ಇದ್ರೆ ಅದನ್ನ ಹಾಕು. ನನ್ನ ಮುಖ ಬಿಡು."

"ಎಲ್ಲರೂ ಚೆನ್ನಾಗಿದೆ ಅಂತಿದ್ದಾರೆ ಕಣಮ್ಮ. ನೀನೊಬ್ಬಳೇ ಹೀಗೆ."

ಹೇಳುವವಳ ಮುಖವಾದರೂ ಹೇಗಿತ್ತು? ಮಧ್ಯಾಹ್ನವಾದರೂ ಬಾಚದ ತಲೆ, ಗಲ್ಲದ ಮೇಲೆ ಚಿವುಟಿಕೊಂಡ ಮೊಡವೆ. ಕಾಲೇಜಿಗೆ ರಜೆ ಇದ್ದರೆ ಊಟದ ಹೊತ್ತಿನ ತನಕ ಮನೆಯವರ ಜೊತೆ ಒಂದು ಮಾತಿಲ್ಲ, ಕೇಳಿದ್ದಕ್ಕೆಲ್ಲ ಹೂಂ, ಊಹೂಂ. ಆದರೆ ಫೋನಿನೊಳಗಿನ ಅವಳು ಅಷ್ಟು ಹೊತ್ತಿಗೆ ನುಣ್ಣನೆಯ ಮುಖ ಅರಳಿಸಿ ಲೋಕಕ್ಕೆಲ್ಲ ಶುಭಾಶಯ ಹೇಳಿ ಮುಗಿಸಿರುತ್ತಾಳೆ.

ನನ್ನ ಗಂಡನ ಕೆಲಸ ಹಲ್ಲು ಮಾಡುವುದು. ಬೀದಿಯವರು ಇವರನ್ನು ಹಲ್ಲಿನ ಮೇಷ್ಟ್ರು ಎನ್ನುತ್ತಾರೆ. ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಇವರು ನಮ್ಮ ಮುಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿನ ಸೆಟ್ಟು ತಯಾರು ಮಾಡುತ್ತಾರೆ. ಕೋಣೆ ತುಂಬ ಪ್ಲಾಸ್ಟರಿನ ಪುಡಿ, ಕರಗಿದ ಮೇಣದ ವಾಸನೆ. ನಾನು ಒಗೆದು ಹರವಿದ ಬಟ್ಟೆಯ ಮೇಲೂ ಅದೇ ಪುಡಿ. ಹಲ್ಲುಗಳನ್ನು ಮೊದಲು ಗುಲಾಬಿ ಬಣ್ಣದ ಮೇಣದಲ್ಲಿ ಒಂದೊಂದಾಗಿ ನಿಲ್ಲಿಸುತ್ತಾರೆ. ಗಿರಾಕಿ ಬಂದು ಕುರ್ಚಿಯಲ್ಲಿ ಕೂತು ಅದನ್ನು ಬಾಯಿಗಿಟ್ಟುಕೊಂಡ ಮೇಲೆ ಕೈಗೆ ಕನ್ನಡಿ ಕೊಟ್ಟು ಇವರು ಹೇಳುವ ಮಾತು ನನಗೆ ಬಾಯಿಪಾಠವಾಗಿದೆ: "ಸರಿಯಾಗಿ ನೋಡಿಕೊಳ್ಳಿ. ಮುಖ ನಿಮ್ಮದು. ಮೇಣ ಇರೋವರೆಗೂ ನೀವು ಹೇಳಿದ ಹಾಗೆ ಸರಿಸ್ತೀನಿ. ಬೆಂದ ಮೇಲೆ ನಾನೂ ಏನೂ ಮಾಡಕ್ಕಾಗಲ್ಲ." ಮೇಣದ ಜಾಗಕ್ಕೆ ಗಟ್ಟಿ ವಸಡು ತುಂಬಿ ಬಿಸಿನೀರಿನಲ್ಲಿ ಕುದಿಸುವುದಕ್ಕೆ ಇವರು ಬೇಯಿಸುವುದು ಎನ್ನುತ್ತಾರೆ.

ಈಚೆಗೆ ಗಿರಾಕಿಗಳೂ ಫೋನು ಹಿಡಿದುಕೊಂಡೇ ಬರತೊಡಗಿದ್ದರು. ನಿವೃತ್ತ ಬಸ್ ಡ್ರೈವರೊಬ್ಬರು ತಮ್ಮದೇ ಫೋಟೋ ತೋರಿಸಿ, "ಇದರಲ್ಲಿರೋ ಹಲ್ಲೇ ಬೇಕು ಮೇಷ್ಟ್ರೇ" ಎಂದರು.

"ಹಲ್ಲು ಹಾಕ್ತೀನಿ ಸ್ವಾಮಿ. ಆ ಕೆನ್ನೆ ಎಲ್ಲಿಂದ ತರ್ಲಿ?" ಎಂದರು ಇವರು. ಒಳಗೆ ಬಂದು ನನಗೆ ಆ ಮಾತು ಹೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಇನ್ನು ಸ್ವಲ್ಪ ದಿನಕ್ಕೆ ಇದೇ ರಾಮಾಯಣ ನಮ್ಮ ಅಡುಗೆಮನೆಗೂ ಬರುತ್ತದೆಂದು ಇವರಿಗೇನು ಗೊತ್ತು?

ಅತ್ತೆಗೆ ಉಳಿದಿದ್ದ ಕೆಳಗಿನ ಮೂರು ಹಲ್ಲುಗಳನ್ನೂ ಡಾಕ್ಟರು ಆಗಷ್ಟೇ ಕಿತ್ತಿದ್ದರು. ವಸಡು ಮಾಯುವ ತನಕ ಹಿಸುಕಿದ ಆಲೂಗಡ್ಡೆ, ಮೆತ್ತಗಿನ ಅನ್ನ, ಚಹಾದಲ್ಲಿ ಅದ್ದಿದ ಬ್ರೆಡ್ಡು. ಬಾಯಿ ಬೋಡಾದರೂ ಮಾತಿಗೇನೂ ಬರವಿರಲಿಲ್ಲ. ನಮ್ಮೆಲ್ಲರ ಜೊತೆ ಮೇಜಿಗೆ ಕೂತು, ಉಪ್ಪು ಕಮ್ಮಿ, ಅನ್ನ ಗಟ್ಟಿ ಎಂದು ನನ್ನ ತಪ್ಪು ಹುಡುಕುತ್ತಾ ಚೆನ್ನಾಗಿಯೇ ಉಣ್ಣುತ್ತಿದ್ದರು. ನಕ್ಕರೆ ಮಾತ್ರ ಕೈ ತಟ್ಟನೆ ಬಾಯಿಗೆ ಅಡ್ಡ ಬರುತ್ತಿತ್ತು. ಹಲ್ಲಿದ್ದ ಕಾಲದ ಅಭ್ಯಾಸ ಅದು. ಅವರ ಮುಂದಿನ ಹಲ್ಲುಗಳು ಉಬ್ಬಿದ್ದವಂತೆ, ಚಿಕ್ಕವರಿದ್ದಾಗ ಮನೆಯಲ್ಲೂ ಶಾಲೆಯಲ್ಲೂ ಹಲ್ಲುಬ್ಬಿ ಎಂದೇ ಕರೆಯುತ್ತಿದ್ದರಂತೆ. ಒಮ್ಮೆ ನನ್ನ ಜೊತೆ ಈರುಳ್ಳಿ ಹೆಚ್ಚುತ್ತಾ ಹೇಳಿದ್ದರು. ಕಣ್ಣೀರು ಈರುಳ್ಳಿಯದು ಎಂದೂ ಅವರೇ ಹೇಳಿದ್ದರು.

ಒಂದು ಸಂಜೆ ಮಗಳು ಅಜ್ಜಿಯ ಕುತ್ತಿಗೆಗೆ ಕೈ ಹಾಕಿ ಫೋಟೋ ತೆಗೆದಳು. ಫೋನು ಸುಕ್ಕು ಅಳಿಸಿದ್ದು ಹಳೆಯ ಕಥೆ. ಈ ಸಲ ಅದು ಅತ್ತೆಯ ಬೋಡು ಬಾಯಿಗೆ ಹಲ್ಲನ್ನೂ ತುಂಬಿಸಿತ್ತು: ಬೆಳ್ಳನೆಯ, ಸಣ್ಣನೆಯ, ಸಾಲಾಗಿ ಕೂತ ಹಲ್ಲು. ಅತ್ತೆ ಫೋನು ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹೋದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಇದು ನಾನಾ?"

"ನೀನೇ ಅಜ್ಜಿ, ಇನ್ಯಾರು?"

"ನನ್ನ ತಂಗಿಗೆ ಕಳಿಸು."

ದೂರದಲ್ಲಿರುವ ತಂಗಿಯನ್ನು ಅತ್ತೆ ನೋಡಿ ಎಷ್ಟೋ ವರ್ಷವಾಗಿತ್ತು. ಆಕೆಯ ಉತ್ತರ ಅರ್ಧ ಗಂಟೆಯಲ್ಲಿ ಬಂತು: "ಅಕ್ಕಾ, ಎಷ್ಟು ಚೆನ್ನಾಗಿ ಕಾಣ್ತಿದ್ದೀಯ! ಹಲ್ಲು ಕಟ್ಟಿಸಿಕೊಂಡ್ಯಾ? ಮುಂದಿನ ತಿಂಗಳು ಬರ್ತೀನಿ. ಕಣ್ಣಾರೆ ನೋಡ್ಬೇಕು."

ಅತ್ತೆ ಆ ದಿನ ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ.

ಇತ್ತ ವಸಡು ಮಾಯುತ್ತಲೇ ಇವರು ತಾಯಿಯ ಸೆಟ್ಟಿಗೆ ಕೂತರು. ಎಂದೂ ಇಲ್ಲದ ಉತ್ಸಾಹ. ಪೆಟ್ಟಿಗೆಯ ತಳದಿಂದ ಒಂದು ಹಳೆಯ ಫೋಟೋ ಹುಡುಕಿ ತಂದು ದೀಪದ ಪಕ್ಕ ಅಂಟಿಸಿಕೊಂಡರು. ಅದರಲ್ಲಿ ಅತ್ತೆ ಮೂವತ್ತರ ಹೆಂಗಸು, ಏನಕ್ಕೋ ನಗುತ್ತಿದ್ದಾರೆ, ಕೈ ಬಾಯಿಗೆ ತಲುಪುವಷ್ಟರಲ್ಲಿ ಯಾರೋ ಫೋಟೋ ತೆಗೆದುಬಿಟ್ಟಿದ್ದಾರೆ. ಉಬ್ಬಿದ ಹಲ್ಲು, ಎಡಗಡೆ ಒಂದರ ಮೇಲೊಂದು ಏರಿದ ಜೋಡಿ, ಎಲ್ಲವೂ ಸ್ಪಷ್ಟ. ಇವರು ಊಟಕ್ಕೆ ಕರೆದರೂ ಬರದೆ ಮೇಣ ಕಾಯಿಸುತ್ತಾ, ಹಲ್ಲನ್ನು ಒಂದು ಎಳೆ ಮುಂದಕ್ಕೆ, ಒಂದು ಎಳೆ ಓರೆಗೆ ಸರಿಸುತ್ತಾ ಕೂತರು.

ಮುಗಿದ ದಿನ ಊಟದ ಮೇಜಿಗೇ ತಂದರು. "ಬಾಯಿ ತೆಗಿ ಅಮ್ಮ" ಎಂದು ಮೇಣದ ಹಲ್ಲನ್ನು ಕೂರಿಸಿ, "ಈಗ ನಗು" ಎಂದರು.

ಅತ್ತೆ ನಗಲಿಲ್ಲ. ನಾಲಿಗೆಯನ್ನು ಹಲ್ಲಿನ ಹಿಂದೆ ಆಡಿಸಿ ನೋಡಿದರು. ಮುಖ ಕಪ್ಪಿಟ್ಟಿತು. ಎದ್ದು ಹೋಗಿ ಗೋಡೆಯ ಕನ್ನಡಿ ನೋಡಿ ಬಂದರು. ಹಲ್ಲು ತೆಗೆದು ಮೇಜಿನ ಮೇಲಿಟ್ಟರು.

"ಏನೋ ಇದು?"

"ನಿನ್ನ ಹಲ್ಲಮ್ಮ. ಹಳೇದೇ. ಕೂದಲೆಳೆಯಷ್ಟೂ ಆಚೀಚೆ ಇಲ್ಲ."

"ಹಳೇದನ್ನ ಯಾರು ಕೇಳಿದ್ರು?"

"ಅಮ್ಮ, ಇದು ನಿನ್ನ ಮುಖ."

"ನನ್ನ ಮುಖ ಹೇಗಿತ್ತು ಅಂತ ನೀನು ಹೇಳ್ಬೇಡ. ಇಷ್ಟು ವರ್ಷ ಹೊತ್ತುಕೊಂಡು ತಿರುಗಿದವಳು ನಾನು." ಮೊಮ್ಮಗಳ ಫೋನು ತೆಗೆದು ಇವರ ಮೂಗಿಗೆ ಹಿಡಿದರು. "ಇದನ್ನ ಮಾಡು."

"ಅದು ನೀನಲ್ಲ."

"ನಾನಲ್ದೆ? ಕನ್ನಡಕ ನಂದು, ಕಿವಿ ನಂದು, ಕುಪ್ಪಸ ನಂದು!"

"ಹಲ್ಲು ಮಾಡೋನು ನಾನಮ್ಮ, ಫೋನಲ್ಲ!"

"ನಿನಗಿಂತ ಅದೇ ಚೆನ್ನಾಗಿ ಮಾಡಿದೆ."

ಇವರು ಮೇಣದ ಹಲ್ಲು ಎತ್ತಿಕೊಂಡು ಹೊರಟುಹೋದರು. ತಟ್ಟೆಯಲ್ಲಿ ಅನ್ನ ಹಾಗೇ ಇತ್ತು. ಆಮೇಲೆ ಶುರುವಾಯಿತು ನೋಡಿ ನನ್ನ ಅಂಚೆ ಕೆಲಸ. ಒಂದೇ ಮೇಜಿನ ಎರಡು ತುದಿಯಲ್ಲಿ ಕೂತು ಒಬ್ಬರು, "ನಿನ್ನ ಗಂಡನಿಗೆ ನೀರು ಬೇಕಾ ಕೇಳು" ಎನ್ನುವುದು, ಇನ್ನೊಬ್ಬರು, "ಬೇಡ ಅಂತ ನಿಮ್ಮತ್ತೆಗೆ ಹೇಳು" ಎನ್ನುವುದು. ನನಗೆ ರೋಸಿಹೋಯಿತು.

"ಅವರಿಗೆ ಬೇಡ ಅಂದ್ರೆ ಬಿಟ್ಟುಬಿಡಿ" ಎಂದೆ ಒಂದು ದಿನ, ಇವರು ತಟ್ಟೆ ಒರೆಸಿ ಜೋಡಿಸುತ್ತಿದ್ದಾಗ. "ನೇರವಾಗಿರೋ ಹಲ್ಲು ಹಾಕಿದ್ರೆ ನಿಮ್ಮ ಗಂಟೇನು ಹೋಗತ್ತೆ?"

"ನಿನಗೆ ಅರ್ಥ ಆಗಲ್ಲ. ಚಿಕ್ಕವನಿದ್ದಾಗ ಶಾಲೆ ಗೇಟಿನ ಹತ್ತಿರ ಅಷ್ಟೊಂದು ಅಮ್ಮಂದಿರು ನಿಂತಿರ್ತಿದ್ರು. ನಾನು ದೂರದಿಂದ ಆ ಹಲ್ಲು ನೋಡೇ ಓಡಿ ಹೋಗ್ತಿದ್ದೆ."

"ಇದನ್ನ ಅವರಿಗೆ ಹೇಳಿ ಮತ್ತೆ."

"ಅವಳು ನನ್ನ ಹತ್ತಿರ ಮಾತಾಡ್ತಿದ್ದಾಳಾ?"

ಹೀಗಿರುವಾಗ ಇವರು ಡಾಕ್ಟರುಗಳಿಗೆ ಸೆಟ್ಟು ಕೊಟ್ಟುಬರಲು ಹೋದ ಒಂದು ದಿನ ಮಗಳು ಇವರ ಬೆಂಚಿಗೆ ಕೂತಳು. ಸಣ್ಣವಳಿದ್ದಾಗಿನಿಂದ ಅಪ್ಪನ ಪಕ್ಕ ಕೂತು ನೋಡಿದವಳು, ಕೈ ಚುರುಕು. ಅಂಗಡಿಯಿಂದ ತಂದಿಟ್ಟ ಸಿದ್ಧ ಹಲ್ಲುಗಳಲ್ಲಿ ಅತ್ಯಂತ ಬಿಳಿಯ, ಅತ್ಯಂತ ಸಣ್ಣ ಹಲ್ಲಿನ ಪ್ಯಾಕೆಟ್ಟು ಒಡೆದಳು. ಫೋನನ್ನು ದೀಪಕ್ಕೆ ಒರಗಿಸಿ, ಮೇಣ ಕಾಯಿಸಿ, ಅಜ್ಜಿಯ ಬಾಯಿಯ ಅಚ್ಚಿನ ಮೇಲೆ ಫೋಟೋದಲ್ಲಿದ್ದ ಹಾಗೇ ಹಲ್ಲುಗಳನ್ನು ಒಳಕ್ಕೆ ಒತ್ತಿ ನಿಲ್ಲಿಸಿದಳು. ಆ ಫೋಟೋದಲ್ಲಿ ಫೋನು ಅತ್ತೆಯ ದವಡೆಯನ್ನೇ ಅರ್ಧಕ್ಕೆ ಕಿರಿದು ಮಾಡಿತ್ತು. ಅದು ಅವಳ ತಲೆಗೆ ಹೋಗಲಿಲ್ಲ.

ಸಂಜೆ ಬಂದ ಇವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಯಾರು ಮಾಡಿದ್ದು?"

"ನಾನೇ. ಅಜ್ಜಿ ಹೇಳಿದ್ಲು."

"ನಾಲಿಗೆಗೆ ಜಾಗ ಎಲ್ಲಿದೆ ಇದರಲ್ಲಿ?"

"ಫೋಟೋದಲ್ಲಿ ಹಾಗೇ ಇದೆ ಅಪ್ಪ."

"ಫೋಟೋದಲ್ಲಿರೋಳು ಊಟ ಮಾಡ್ತಾಳಾ?"

ಅತ್ತೆ ಒಳಗಿನಿಂದಲೇ ಕೂಗಿದರು, "ನನಗೆ ಅದೇ ಬೇಕು ಅಂತ ನಿನ್ನ ಗಂಡನಿಗೆ ಹೇಳೇ!"

ನಾನು ಹೇಳುವ ಮೊದಲೇ ಇವರು, "ಹಾಗೇ ಆಗಲಿ" ಎಂದರು. ಅದನ್ನು ಹಾಗೆಯೇ ಬೇಯಿಸಿ ಕೊಟ್ಟರು. ಗೊತ್ತಿದ್ದೂ ಬೇಯಿಸಿದರು. ಇವರ ಮೇಲೆ ನನಗೆ ಅವತ್ತು ಬಂದಷ್ಟು ಸಿಟ್ಟು ಮದುವೆಯಾದ ಮೇಲೆ ಎಂದೂ ಬಂದಿರಲಿಲ್ಲ. "ಇದು ಹೆತ್ತತಾಯಿಯ ಬಾಯಿಗೆ ಹೋಗೋದು. ಹಟ ಸಾಧಿಸೋಕೆ ಬೇರೇನೂ ಸಿಗಲಿಲ್ವಾ ನಿಮಗೆ?" ಎಂದು ಕೇಳಿದೆ. ಇವರು ರೇಡಿಯೋದ ದನಿ ಜೋರು ಮಾಡಿದರು.

ಅತ್ತೆಗೆ ಮೊದಮೊದಲು ಸಂಭ್ರಮವೋ ಸಂಭ್ರಮ. ಹೊಸ ಹಲ್ಲು ಹಾಕಿಕೊಂಡು ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಮೊಮ್ಮಗಳು ದಿನಕ್ಕೊಂದು ಫೋಟೋ ತೆಗೆದು ಹಾಕಿದಳು. ಆದರೆ ಊಟದ ಹೊತ್ತಿಗೆ, "ನೀವು ಉಣ್ಣಿ, ನನಗೆ ಆಮೇಲೆ" ಎನ್ನತೊಡಗಿದರು. ಆಮೇಲೆ ತಟ್ಟೆ ಕೋಣೆಗೆ ಹೋಗುತ್ತಿತ್ತು. ಬಾಗಿಲು ಮುಚ್ಚುತ್ತಿತ್ತು. ತೆಗೆದರೆ ಬೋಡು ಬಾಯಿ ಯಾರಾದರೂ ಕಂಡಾರು, ಹಾಕಿಕೊಂಡರೆ ಅಗಿಯಲಾಗದು. ಎರಡರ ನಡುವೆ ಅನ್ನ ತಣ್ಣಗಾಗುತ್ತಿತ್ತು. ಹೊಸ ಸೆಟ್ಟು ಹಾಕಿಕೊಂಡರೆ ವಸಡು ಒಗ್ಗುವ ತನಕ ಸ್ವಲ್ಪ ತೊಂದರೆ ಇದ್ದದ್ದೇ ಎಂದು ನಾನೂ ಸುಮ್ಮನಿದ್ದೆ. ಒಂದು ದಿನ ಅವರ ಟವೆಲ್ಲು ಒಗೆಯಲು ತೆಗೆದುಕೊಂಡರೆ ರಕ್ತದ ಕಲೆ. ಕಸದ ಬುಟ್ಟಿಯಲ್ಲಿ ಕಾಗದಕ್ಕೆ ಸುತ್ತಿದ ಬ್ರೆಡ್ಡು, ನಾನು ಬೆಳಿಗ್ಗೆ ಕೊಟ್ಟದ್ದು ಕೊಟ್ಟ ಹಾಗೇ.

ನೋಡನೋಡುತ್ತ ಅತ್ತೆ ಇಳಿದುಹೋದರು. ಕುಪ್ಪಸದ ತೋಳು ಜೋಲಾಡತೊಡಗಿತು. ಫೋನಿಗೆ ಅದು ಕಾಣಲೇ ಇಲ್ಲ. ಇಲ್ಲಿ ಕೆನ್ನೆ ಒಳಕ್ಕೆ ಹೋದಷ್ಟೂ ಅಲ್ಲಿ ಅದು ತುಂಬಿಕೊಡುತ್ತಿತ್ತು. "ಮೈ ಕೈ ತುಂಬಿಕೊಂಡು ಲಕ್ಷಣವಾಗಿದ್ದೀಯ ಅಕ್ಕ" ಎಂದು ತಂಗಿ ಬರೆದರು. ಮಗಳು ಅದನ್ನು ನನಗೆ ಓದಿ ಹೇಳಲು ಅಡುಗೆಮನೆಗೆ ಬಂದಳು. ನಾನು ಅವಳ ಕೈ ಹಿಡಿದು ದರದರ ಎಳೆದುಕೊಂಡು ಹೋಗಿ ಅತ್ತೆಯ ಮುಂದೆ ನಿಲ್ಲಿಸಿದೆ.

"ನೋಡೇ. ಅದನ್ನಲ್ಲ, ಇವರನ್ನ ನೋಡು. ಬಾಯಿಗೆ ನೆಟ್ಟಗೆ ಅನ್ನ ಹೋಗಿ ಎಷ್ಟು ದಿನ ಆಯ್ತು ಗೊತ್ತಾ ಇವರಿಗೆ?"

ಮಗಳು ಅಜ್ಜಿಯನ್ನು ನೋಡಿದಳು, ಫೋನನ್ನು ನೋಡಿದಳು, ಮತ್ತೆ ಅಜ್ಜಿಯನ್ನು ನೋಡಿದಳು. ಅವಳ ಮುಖ ಸಣ್ಣಗಾಯಿತು. "ಅಜ್ಜಿ, ಅದನ್ನ ತೆಗೆದುಬಿಡು."

"ನನ್ನ ತಂಗಿ ಬಂದು ಹೋಗಲಿ" ಎಂದರು ಅತ್ತೆ. "ಅಲ್ಲಿಯವರೆಗೂ ನೀವ್ಯಾರೂ ನನ್ನ ತಂಟೆಗೆ ಬರ್ಬೇಡಿ."

ಸಂಜೆ ಇವರಿಗೂ ಟವೆಲ್ಲಿನ ಕಲೆ ತೋರಿಸಿದೆ. ಇವರು ಅದನ್ನು ಕೈಗೆ ತೆಗೆದುಕೊಂಡು ನೋಡಿದರು. "ಒಳಗಡೆ ಸ್ವಲ್ಪ ತೇಯ್ದು ಕೊಡ್ತೀನಿ ಅಂತ ನಿಮ್ಮತ್ತೆಗೆ ಹೇಳು" ಎಂದರು. ಹೇಳಿದೆ. "ಬೇಡ ಅಂತ ಹೇಳು" ಎಂದರು ಅತ್ತೆ. ಮನೆಯಲ್ಲಿ ಹಲ್ಲು ಮಾಡುವವರು ಒಬ್ಬರಲ್ಲ, ಇಬ್ಬರಾದರು, ಮುದುಕಿಗೆ ಮಾತ್ರ ಅಗಿಯಲು ಒಂದು ಹಲ್ಲಿಲ್ಲ. ಇಂಥ ಮನೆಯಲ್ಲಿ ತಲೆ ನೆಟ್ಟಗಿಟ್ಟುಕೊಳ್ಳುವುದು ಹೇಗೆ ಹೇಳಿ.

ಅತ್ತೆಯ ತಂಗಿ, ಅಂದರೆ ನನ್ನ ಚಿಕ್ಕತ್ತೆ, ಬರುವ ದಿನ ಬಸ್ ನಿಲ್ದಾಣಕ್ಕೆ ತಾನೂ ಬರುತ್ತೇನೆಂದು ಅತ್ತೆ ಹಟ ಹಿಡಿದರು. ಒಳ್ಳೆಯ ಬಟ್ಟೆ ಉಟ್ಟು, ತುಟಿ ಬಿಗಿಹಿಡಿದು, ಹಲ್ಲು ಜಾರದಂತೆ ಗಲ್ಲ ಎತ್ತಿಕೊಂಡು ಬಸ್ಸಿನ ಬಾಗಿಲ ಮುಂದೆಯೇ ನಿಂತರು. ನಾನು ಎರಡು ಹೆಜ್ಜೆ ಹಿಂದೆ ನಿಂತಿದ್ದೆ. ಚಿಕ್ಕತ್ತೆ ಇಳಿದರು: ದಪ್ಪ ಹೆಂಗಸು, ಕೈಯಲ್ಲೊಂದು ಭಾರದ ಚೀಲ, ಏದುಸಿರು. ಆ ಕಡೆ ನೋಡಿದರು, ಈ ಕಡೆ ನೋಡಿದರು. ಅತ್ತೆಯ ಭುಜಕ್ಕೆ ಭುಜ ತಾಗಿಸಿಕೊಂಡು ದಾಟಿ, ನೇರವಾಗಿ ಬಂದು ನನ್ನ ಕೈ ಹಿಡಿದರು.

"ನೀನು ಸೊಸೆ ಅಲ್ವಾ? ಮದುವೇಲಿ ನೋಡಿದ್ದೆ. ಅಕ್ಕ ಬರಲಿಲ್ವಾ?"

ನಾನು ಮುಂದಕ್ಕೆ ಕೈ ತೋರಿಸಿದೆ. ಅತ್ತೆ ಅಲ್ಲೇ ನಿಂತಿದ್ದರು, ಬಸ್ಸಿನ ಕಡೆಗೇ ಮುಖ ಮಾಡಿಕೊಂಡು. ನಾನು ಹಿಂದಿನಿಂದ ಕಂಡದ್ದು ಅವರ ಬೆನ್ನು ಮಾತ್ರ. ಆ ಬೆನ್ನನ್ನು ನಾನು ಬೇಗ ಮರೆಯಲಾರೆ.

"ಅಯ್ಯೋ ಅಕ್ಕ!" ಎಂದು ಚಿಕ್ಕತ್ತೆ ತಿರುಗಿ ಓಡಿದರು. ದಾರಿಯುದ್ದಕ್ಕೂ ಸಮಾಧಾನ ಮಾಡುತ್ತಲೇ ಬಂದರು. "ನಾನು ಫೋನಿನಲ್ಲಿರೋಳನ್ನ ಹುಡುಕ್ತಿದ್ದೆ ಕಣೇ. ಇಲ್ದಿದ್ರೆ ನಮ್ಮ ಹಳೇ ಅಕ್ಕನ್ನ. ನೀನು ಎರಡೂ ಆಗಿರಲಿಲ್ಲ, ನಾನೇನು ಮಾಡ್ಲಿ?"

ಊಟಕ್ಕೆ ಎಲ್ಲರೂ ಒಟ್ಟಿಗೆ ಕೂತೆವು. ಮೊಟ್ಟೆ, ಬೇಯಿಸಿದ ಆಲೂಗಡ್ಡೆ, ಬ್ರೆಡ್ಡು, ಬೇಳೆಯ ಸೂಪು. ಇವರೂ ಕೂತರು, ಮಗಳೂ ಕೂತಳು. ಚಿಕ್ಕತ್ತೆಯ ಭಾರದ ಚೀಲದಲ್ಲಿ ಇದ್ದದ್ದು ಸೇಬು. "ಅಷ್ಟು ಒಳ್ಳೇ ಹಲ್ಲು ನೋಡಿ ಅಕ್ಕನಿಗೇ ಅಂತ ತಂದೆ" ಎಂದು ತಾವೇ ಹೋಳು ಮಾಡಿ ಅತ್ತೆಯ ತಟ್ಟೆಗೆ ಹಾಕಿದರು. ಅತ್ತೆ ಆ ಹೋಳುಗಳನ್ನು ತಟ್ಟೆಯ ಈ ಅಂಚಿನಿಂದ ಆ ಅಂಚಿಗೆ ನಡೆಸಿದರು.

"ತಿನ್ನಕ್ಕ."

"ಹಸಿವಿಲ್ಲ."

"ಹಸಿವಿಲ್ಲ ಅಂತೆ! ಎಷ್ಟು ಬಡವಾಗಿದ್ದೀಯ ನೋಡು. ರಾಶಿ ತಿಂತಿದ್ದ ನಮ್ಮ ಹಲ್ಲುಬ್ಬಿ ಎಲ್ಲಿ ಹೋದಳು?"



"ಏನಂದೆ?" ಎಂದರು ಅತ್ತೆ.

"ಪ್ರೀತಿಗೆ ಅಂದೆ ಕಣಕ್ಕ."

"ನಿನ್ನ ಪ್ರೀತಿಗಿಷ್ಟು ಬೆಂಕಿ ಹಾಕ. ಆ ಹೆಸರು ಅಂಟಿಸಿದವಳೇ ನೀನು."

"ನಾನಾ? ನಾನು ಹುಟ್ಟೋ ಮೊದಲೇ ಅಮ್ಮ ಹಾಗೆ ಕರೀತಿದ್ದಳು!"

"ಅಮ್ಮ ಮನೆಯೊಳಗೆ ಕರೀತಿದ್ದಳು. ಅದನ್ನ ಶಾಲೆಗೆ ತಗೊಂಡು ಹೋದವಳು ಯಾರು? ನನ್ನ ತರಗತಿ ಬಾಗಿಲಲ್ಲಿ ನಿಂತು ಎಲ್ಲರ ಮುಂದೆ ಕೂಗಿದವಳು ಯಾರು?"

ಅತ್ತೆ ಮತ್ತೇನೋ ಕೂಗ ಹೊರಟರು. ಆ ರಭಸಕ್ಕೆ ಸೆಟ್ಟು ಜಾರಿ ತಟ್ಟೆಯಲ್ಲಿ ಸೇಬಿನ ಹೋಳುಗಳ ನಡುವೆ ಬಿತ್ತು. ಬೆಳ್ಳಗೆ, ಸಾಲಾಗಿ, ಫೋಟೋದಲ್ಲಿದ್ದ ಹಾಗೇ.

ಅತ್ತೆ ಅದನ್ನು ಎತ್ತಿಕೊಳ್ಳಲಿಲ್ಲ. ಕೈಯನ್ನು ಬಾಯಿಗೆ ಅಡ್ಡ ತರಲೂ ಇಲ್ಲ. ಹಲ್ಲಿಲ್ಲದ ಮಾತು ಹಲ್ಲಿದ್ದದ್ದಕ್ಕಿಂತ ಸ್ಪಷ್ಟವಾಗಿ ಬಂತು. ಈಗ ಮಗನ ಸರದಿ. "ನೀನೂ ಅಷ್ಟೇ ಕಣೋ. ಬಂದವರಿಗೆಲ್ಲ ಕನ್ನಡಿ ಕೊಟ್ಟು, ಮುಖ ನಿಮ್ಮದು, ಹೇಳಿ ಅಂತೀಯ. ನಾನು ಒಳಗೆ ಕೂತು ದಿನಾ ಕೇಳಿಸಿಕೊಳ್ತೀನಿ. ನನಗೆ ಮಾತ್ರ ಬಾಯಿಗೆ ತುರುಕಿ, ನಗು ಅಂದೆ. ನನ್ನ ಮುಖ ಯಾರದೋ ಹಾಗಾದ್ರೆ?"

ಇವರು ತಲೆ ತಗ್ಗಿಸಿದರು.

"ಮತ್ತೆ ನೀನು" ಎಂದು ಮೊಮ್ಮಗಳ ಕಡೆ ತಿರುಗಿದರು. "ನೀನು ಮಾಡಿಕೊಟ್ಟವಳು ನನಗೆ ಇಷ್ಟ ಆದಳು, ಸುಳ್ಳು ಹೇಳಲ್ಲ. ಅವಳ ಹಾಗೆ ಇರ್ಬೇಕು ಅಂತ ಜೀವಮಾನ ಪೂರ್ತಿ ಆಸೆ ಪಟ್ಟಿದ್ದೆ. ಆದ್ರೆ ಅವಳಿಗೆ ಹೊಟ್ಟೆ ಇಲ್ಲ ಕಣೇ. ನನಗಿದೆ. ನನಗೆ ಹಸಿವಾಗಿದೆ."

ಹೇಳಿ ಅತ್ತುಬಿಟ್ಟರು. ನಾನು ಎದ್ದು ಹೋಗಿ ಬ್ರೆಡ್ಡಿನ ಮೇಲೆ ಬಿಸಿ ಸೂಪು ಸುರಿದು, ಆಲೂಗಡ್ಡೆ ಹಿಸುಕಿ, ಮೊಟ್ಟೆ ನುಣ್ಣಗೆ ಕಲಸಿ ಮುಂದಿಟ್ಟೆ. ಅತ್ತೆ ನಮ್ಮೆಲ್ಲರ ಮುಂದೆ, ಬೋಡು ಬಾಯಲ್ಲಿ, ಚಪ್ಪರಿಸಿಕೊಂಡು ಉಂಡರು. ಎರಡನೇ ಸಲ ಕೇಳಿ ಹಾಕಿಸಿಕೊಂಡರು. ಉಪ್ಪು ಕಮ್ಮಿ ಎಂದರು. ಬೇರೆ ದಿನವಾಗಿದ್ದರೆ ನನಗೆ ಮೈ ಉರಿಯುತ್ತಿತ್ತು. ಅವತ್ತು ಮಗಳು ಯಾರೂ ಹೇಳದೆಯೇ ಪಾತ್ರೆ ತೊಳೆದಳು, ಮೂಗು ಎಳೆದುಕೊಳ್ಳುತ್ತಾ.

ಮಾರನೆಯ ದಿನ ಇವರು ಹೊಸ ಮೇಣದಲ್ಲಿ ಹೊಸ ಸಾಲು ನಿಲ್ಲಿಸಿಕೊಂಡು, ಗಿರಾಕಿಗಳ ಕುರ್ಚಿಯ ಮೇಲಿನ ಪುಡಿ ಒರೆಸಿ, "ಅಮ್ಮ, ಸ್ವಲ್ಪ ಬಾ" ಎಂದು ಕರೆದರು. ತಿಂಗಳ ಮೇಲೆ ತಾಯಿಗೆ ನೇರವಾಗಿ ಆಡಿದ ಮೊದಲ ಮಾತು. ಅತ್ತೆ ಕೂತರು. ನಾವು ಮೂವರು ಹೆಂಗಸರು ಬಾಗಿಲಲ್ಲಿ ನಿಂತೆವು. ಇವರು ಹಲ್ಲು ಕೂರಿಸಿ, ಕೈಗೆ ಕನ್ನಡಿ ಕೊಟ್ಟರು. ದಿನಾ ಹೇಳುವ ಮಾತನ್ನೇ ಹೇಳಿದರು.

"ಸರಿಯಾಗಿ ನೋಡಿಕೋ ಅಮ್ಮ. ಮುಖ ನಿಂದು. ಮೇಣ ಇರೋವರೆಗೂ ನೀನು ಹೇಳಿದ ಹಾಗೆ."

"ಒಳಗೆ ತಳ್ಳು."

"ಇಷ್ಟು?"

"ಇನ್ನೂ."

"ಇನ್ನೂ ತಳ್ಳಿದ್ರೆ ನಾಲಿಗೆಗೆ ಜಾಗ ಇರಲ್ಲ. ಅಗಿಯಕ್ಕಾಗಲ್ಲ."

"ಹಾಗಾದ್ರೆ ಅಷ್ಟಕ್ಕೇ ನಿಲ್ಲಿಸು. ಬಣ್ಣ ಅಷ್ಟು ಬಿಳಿ ಬೇಡ. ನಿನ್ನ ಹೆಂಡತಿ ತರೋ ಬ್ರೆಡ್ಡಿನ ಒಳಗಿನ ಹಾಗಿರಲಿ."

ಮಾದರಿ ಹಲ್ಲುಗಳ ಪಟ್ಟಿಯನ್ನು ಕೆನ್ನೆಗೆ ಹಿಡಿದು ಹಿಡಿದು ಬಣ್ಣ ಆರಿಸಿದ್ದಾಯಿತು. ಮುಗಿಯಿತು ಎನ್ನುವಾಗ ಅತ್ತೆ ಕನ್ನಡಿಯನ್ನು ಇನ್ನೂ ಹತ್ತಿರ ತಂದರು. ಬಾಯಿಗೆ ಬೆರಳು ಹಾಕಿ, ಎಡಗಡೆಯ ಒಂದು ಹಲ್ಲನ್ನು ಮೆತ್ತಗಿನ ಮೇಣದಲ್ಲಿ ತಾವೇ ಸ್ವಲ್ಪ ಮುಂದಕ್ಕೆ ಎಳೆದರು.

"ಇದೊಂದು ಇರಲಿ."

"ಯಾಕಕ್ಕ?" ಎಂದರು ಚಿಕ್ಕತ್ತೆ ಬಾಗಿಲಿನಿಂದ, ಹೆದರುತ್ತಲೇ.

"ನಾಳೆ ಮೇಲೆ ಹೋದಾಗ ಅಮ್ಮನಿಗೆ ಗುರುತು ಸಿಗಬೇಡ್ವಾ? ನೀನೇ ಬಸ್ ಸ್ಟ್ಯಾಂಡಿನಲ್ಲಿ ದಾಟಿಕೊಂಡು ಹೋದೆ."

ಚಿಕ್ಕತ್ತೆ ಒಳಗೆ ಬಂದು ಅಕ್ಕನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡರು. "ಜೋಪಾನ, ಹಲ್ಲು ಅಲುಗಾಡತ್ತೆ" ಎಂದರು ಇವರು. ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡದ್ದನ್ನು ನಾನು ನೋಡಿದೆ.

ಹಲ್ಲು ಬೆಂದಿತು, ತೇಯ್ದು ನಯವಾಯಿತು, ಬಾಯಿಗೆ ಕೂತಿತು. ಮೊದಲ ಎರಡು ಮೂರು ದಿನ ಅಲ್ಲಿ ಚುಚ್ಚುತ್ತದೆ, ಇಲ್ಲಿ ಉಜ್ಜುತ್ತದೆ ಎಂದು ಮಗನನ್ನು ಕೂತಲ್ಲಿ ಕೂರಗೊಡಲಿಲ್ಲ. ಇವರು ಕೇಳಿದಾಗಲೆಲ್ಲ ತೇಯ್ದು ತೇಯ್ದು ಕೊಟ್ಟರು. ಚಿಕ್ಕತ್ತೆ ಹೊರಡುವ ದಿನ ನಾನು ಬೇಕರಿಯಿಂದ ಬಿಸಿ ಬಿಸಿ ದೊಡ್ಡ ಬ್ರೆಡ್ಡು ತಂದೆ. ಮಗಳು ಎಲ್ಲರೂ ಮೇಜಿನ ಸುತ್ತ ಕೂರಬೇಕೆಂದು ಗೋಗರೆದಳು.

"ಆ ನುಣ್ಣಗೆ ಮಾಡೋದನ್ನ ತೆಗೆದಿದ್ದೀಯಾ?" ಎಂದು ಕೇಳಿದೆ.

"ತೆಗೆದಿದ್ದೀನಮ್ಮ, ಆಣೆ."

ಫೋಟೋ ತೆಗೆದು ಅಜ್ಜಿಗೆ ಕೊಟ್ಟಳು. ಅತ್ತೆ ಕನ್ನಡಕ ಏರಿಸಿ ನೋಡಿದರು. ಸುಕ್ಕು ಇತ್ತು, ನನ್ನ ಕಣ್ಣ ಕೆಳಗಿನ ಕಪ್ಪೂ ಇತ್ತು. ಅತ್ತೆ ಫೋನನ್ನು ಇನ್ನೂ ಹತ್ತಿರ ಹಿಡಿದರು.

"ನನ್ನ ಎಡಗಡೆ ಹಲ್ಲು ಎಲ್ಲೇ?"

ಮಗಳು ಬಗ್ಗಿ ನೋಡಿದಳು. ಮುಂದೆ ಬಂದಿದ್ದ ಹಲ್ಲು ಫೋಟೋದಲ್ಲಿ ಸಾಲಿನೊಳಗೆ ಹೋಗಿ ಕೂತಿತ್ತು. "ನಾನು ಎಲ್ಲಾ ತೆಗೆದಿದ್ದೆ ಅಜ್ಜಿ... ಅದು ತಾನಾಗೇ..."

"ತಾನಾಗೇ ಅಂತೆ! ಅದು ನಾನು ಹೇಳಿ ಇಡಿಸಿಕೊಂಡಿರೋ ಹಲ್ಲು ಅಂತ ಹೇಳು ಅದಕ್ಕೆ."

ಫೋನನ್ನು ಮೊಮ್ಮಗಳ ಮಡಿಲಿಗೆ ಎಸೆದು ಅತ್ತೆ ಬ್ರೆಡ್ಡಿನ ಗಟ್ಟಿ ಅಂಚನ್ನೇ ಮುರಿದುಕೊಂಡು ಕಚ್ಚಿದರು. ಕರುಂ ಎಂದಿತು. ಚಿಕ್ಕತ್ತೆ ಕಿಸಕ್ಕೆಂದರು, ಆಮೇಲೆ ಇವರು, ಆಮೇಲೆ ಅತ್ತೆಯೂ ನಕ್ಕರು. ಕೈ ಬಾಯಿಗೆ ಅಡ್ಡ ಬರಲಿಲ್ಲ. ಆ ಕೈಯಲ್ಲಿ ಬ್ರೆಡ್ಡಿತ್ತು.